ಎಂಜಿನ್ ಓದಿಕೊಂಡದ್ದೇ ಬೇರೆ
ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಬೇಕಾದ್ದನ್ನು ಹುಡುಕಲು ಬರೆಯುವ ಸೂತ್ರ) ಕೈಕೊಟ್ಟಿತೆಂದು ದಾವಣಗೆರೆಯ ಎಂಜಿನಿಯರಿಂಗ್ ಹುಡುಗರು ಬಂದಾಗ ನಾನು ಮೊದಲು ಕೇಳುವುದು ಡಿಬಗ್ ಔಟ್‌ಪುಟ್. ತೆಗೆದಿರುತ್ತಾರೆ, ಸಾಲುಗಟ್ಟಿದ ಅಂಕಿ ಕಂಡು ಮುಚ್ಚಿಯೂ ಇರುತ್ತಾರೆ. ಅದನ್ನೆಲ್ಲ ಓದಬೇಕಿಲ್ಲ. ನಾವು ಬರೆದ ಪ್ಯಾಟರ್ನನ್ನು, ಅಂದರೆ ಆ ಸೂತ್ರವನ್ನು, ಎಂಜಿನ್ (ಅದನ್ನು ಓದಿ ಹುಡುಕುವ ಪ್ರೋಗ್ರಾಂ) ಏನೆಂದು ಓದಿಕೊಂಡಿತು ಎಂಬುದು ಮೇಲಿನ ಕೆಲವು ಸಾಲುಗಳಲ್ಲೇ ಇರುತ್ತದೆ. ಕನ್ನಡ ಪಠ್ಯದಲ್ಲಂತೂ ಹುಳುಕು ಹೆಚ್ಚಾಗಿ ಸಿಗುವುದು ಅಲ್ಲೇ.

ವಿಳಾಸಗಳ ಪಟ್ಟಿಯಿಂದ ದಾವಣಗೆರೆ, ಚಳ್ಳಕೆರೆ, ಹೊಳಲ್ಕೆರೆಗಳನ್ನು ಹೆಕ್ಕಬೇಕು ಅನ್ನಿ. ‘ಕೆ’ ಅಥವಾ ‘ಗೆ’ ಬಂದು ಆಮೇಲೆ ‘ರೆ’ ಬರಲಿ ಎಂದು [ಕೆಗೆ]ರೆ ಎಂದು ಬರೆಯುತ್ತೇವೆ. ಮೂರೂ ಊರು ಸಿಗುತ್ತವೆ. ಜೊತೆಗೆ ‘ತೆರೆದ ಬಾವಿ ಪಕ್ಕ’ ಎಂಬ ವಿಳಾಸವೂ ಸಿಕ್ಕಿಬೀಳುತ್ತದೆ!

ಪೈಥಾನ್ ಭಾಷೆಯಲ್ಲಿ ಡಿಬಗ್ ಫ್ಲ್ಯಾಗ್ ಹಾಕಿ ಈ ಪ್ಯಾಟರ್ನನ್ನು ಕಂಪೈಲ್ ಮಾಡಿ. ‘ಇನ್’ ಎಂಬ ಸಾಲಿನ ಕೆಳಗೆ ಮೂರು ಲಿಟರಲ್‌ಗಳು (ಇದ್ದಹಾಗೇ ಹೊಂದಬೇಕಾದ ಚಿಹ್ನೆಗಳು) ಬರುತ್ತವೆ: 3221, 3270, 3223. ಇವು ಯೂನಿಕೋಡ್ ಸಂಖ್ಯೆಗಳು, ಅಂದರೆ ಕಂಪ್ಯೂಟರ್‌ನಲ್ಲಿ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಇರುವ ಅಂಕಿ. 3221 ಅಂದರೆ ಕ, 3223 ಅಂದರೆ ಗ. ನಡುವಿನ 3270 ಬರೀ ಎತ್ವದ ಚಿಹ್ನೆ. ನಮ್ಮ ಕಣ್ಣಿಗೆ ‘ಕೆ’ ಒಂದೇ ಅಕ್ಷರ, ಎಂಜಿನ್‌ಗೆ ಎರಡು. ಚೌಕ ಆವರಣದೊಳಗಿನದರಲ್ಲಿ ಅದು ಒಂದನ್ನು ಮಾತ್ರ ಆರಿಸಿಕೊಳ್ಳುತ್ತದೆ, ಹಾಗಾಗಿ ಬೋಳು ಎತ್ವವೂ ಅದಕ್ಕೆ ಸಾಕು. ‘ತೆರೆ’ಯ ಎತ್ವ ಹಿಡಿದು ಮುಂದೆ ‘ರೆ’ ಕಂಡರೆ ಕೆಲಸ ಮುಗಿಯಿತು. (ಕೆ|ಗೆ)ರೆ ಎಂದು ತಿದ್ದಿ ಮತ್ತೆ ಡಿಬಗ್ ನೋಡಿ: ಈಗ ‘ಬ್ರ್ಯಾಂಚ್’ ಕೆಳಗೆ 3221, 3270 ಒಂದು ಕವಲು, 3223, 3270 ಇನ್ನೊಂದು.

‘ರೆ’ ಒಂದು ಅಥವಾ ಹೆಚ್ಚು ಸಲ ಬರಲಿ ಎಂದು ಪ್ಲಸ್ ಹಾಕಿ ‘ರೆ+’ ಬರೆದವರಿಗೂ ಇದೇ ಗತಿ. ಪುನರಾವರ್ತನೆ ತೋರಿಸುವ ‘ಮ್ಯಾಕ್ಸ್ ರಿಪೀಟ್’ ಸಾಲಿನ ಕೆಳಗೆ 3270 ಒಂದೇ ಕಾಣುತ್ತದೆ. ಅಂದರೆ ಪ್ಲಸ್ ಅಂಟಿಕೊಂಡದ್ದು ಎತ್ವಕ್ಕೆ, ರಕಾರಕ್ಕಲ್ಲ.

ಪೈಥಾನ್ ಇಷ್ಟಕ್ಕೇ ನಿಲ್ಲುತ್ತದೆ. ಹೊಂದಿಸುವಾಗ ಎಂಜಿನ್ ಎಲ್ಲಿ ಎಡವಿ ಹಿಂದಕ್ಕೆ ಬಂತು ಎಂದು ತಿಳಿಯಲು ಪರ್ಲ್ ಎಂಬ ಇನ್ನೊಂದು ಭಾಷೆಯ ಡಿಬಗ್ ಬೇಕು. ಅಲ್ಲಿ ಪಠ್ಯದಲ್ಲಿ ತಲುಪಿದ ಜಾಗ ಎಡಕ್ಕೆ, ಪ್ರಯತ್ನಿಸುತ್ತಿರುವ ನೋಡ್ (ಪ್ಯಾಟರ್ನ್‌ನ ಒಂದು ತುಣುಕು) ಬಲಕ್ಕೆ. ಒಂದೇ ಜಾಗ ಮತ್ತೆ ಮತ್ತೆ ಬರುತ್ತಿದ್ದರೆ ಬ್ಯಾಕ್‌ಟ್ರ್ಯಾಕಿಂಗ್, ಅಂದರೆ ಹೀಗೆ ಹಿಂದಕ್ಕೆ ಬಂದು ಮತ್ತೆ ಯತ್ನಿಸುವುದು, ಅತಿಯಾಗಿದೆ ಎಂದು ಅನುಮಾನಿಸಿ. ನಾನಾದರೆ ಮೊದಲು ಹುಡುಕುವುದು ಪ್ಲಸ್ ಒಳಗೊಂದು ಪ್ಲಸ್. ಕೆಲವೊಮ್ಮೆ ಹೆಜ್ಜೆಗಳೇ ಇರುವುದಿಲ್ಲ. ಪ್ಯಾಟರ್ನ್‌ಗೆ ಬೇಕೇಬೇಕಾದ ತುಣುಕು ಪಠ್ಯದಲ್ಲಿ ಇಲ್ಲದಿದ್ದರೆ ಪರ್ಲ್‌ನ ಆಪ್ಟಿಮೈಸರ್ (ಕೆಲಸ ಉಳಿಸಲು ಮೊದಲೇ ತಪಾಸಣೆ ಮಾಡುವ ಭಾಗ) ಎಂಜಿನ್ ಶುರುವಾಗುವ ಮೊದಲೇ ಹೊಂದಿಕೆ ಇಲ್ಲವೆಂದು ಕೈ ಅಲ್ಲಾಡಿಸುತ್ತದೆ. ಆಗ ಪ್ಯಾಟರ್ನ್ ಬಿಟ್ಟು ಪಠ್ಯವನ್ನೇ ತೆರೆದು ನೋಡುವುದು ಬೇಗ ಆಗುವ ಕೆಲಸ.