ಮುಧೋಳ ನಾಯಿ ಜಲವರ್ಣದಲ್ಲಿ: ಕೂದಲಿಗಿಂತ ಮೊದಲು ಹಾಳೆಯ ತೇವ

ನಾಯಿಯ ಚಿತ್ರ ಅಂದಕೂಡಲೇ ಕಲಿಯುವವರ ಕೈ ಸಣ್ಣ ಬ್ರಶ್ಶಿನ ಕಡೆ ಹೋಗುತ್ತದೆ, ಕೂದಲನ್ನು ಒಂದೊಂದಾಗಿ ಎಳೆಯಲು. ಮುಧೋಳ ನಾಯಿಯ ಮಟ್ಟಿಗೆ ಇದು ದೊಡ್ಡ ತಪ್ಪು. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಯ ಮೈಗೂದಲು ಬಹಳ ಗಿಡ್ಡ. ನಾಲ್ಕು ಹೆಜ್ಜೆ ದೂರದಿಂದ ಕೂದಲು ಕಾಣುವುದೇ ಇಲ್ಲ. ತೊಗಲಿನ ಕೆಳಗಿನ ಎಲುಬು, ಸ್ನಾಯು, ಅವುಗಳ ಮೇಲೆ ಜಾರುವ ಬೆಳಕು ಕಾಣುತ್ತವೆ. ಅದನ್ನು ತರುವುದು ಗೆರೆಯಿಂದಲ್ಲ, ತೇವದಿಂದ.

ಹಾಳೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ), ಕೋಲ್ಡ್ ಪ್ರೆಸ್ ಅಂದರೆ ತುಸು ತರಿತರಿ ಮೈಯದು, ಸಾಧ್ಯವಾದರೆ ಹತ್ತಿಯದು. ಸಾಮಾನ್ಯ ಚಿತ್ರಪುಸ್ತಕದ ಕಾರ್ಟ್ರಿಡ್ಜ್ ಹಾಳೆ ನೀರು ಬಿದ್ದೊಡನೆ ಉಬ್ಬುತ್ತದೆ, ಎರಡನೇ ಸಲ ತಿಕ್ಕಿದರೆ ನಾರು ಏಳುತ್ತದೆ. ರೌಂಡ್ ಬ್ರಶ್ 8 ಮತ್ತು 4 ಸಾಕು. ಬಣ್ಣ ಮೂರೇ: ಯೆಲ್ಲೋ ಓಕರ್ (ಮಣ್ಣುಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ). ಕೊನೆಯ ಎರಡನ್ನು ಬೆರೆಸಿದರೆ ಬೂದಿಯಿಂದ ಕಪ್ಪಿನವರೆಗೆ ಎಲ್ಲ ಸಿಗುತ್ತದೆ. ಟ್ಯೂಬಿನ ಕಪ್ಪು ಬೇಡ, ನೆರಳನ್ನು ಮಸಿಯಂತೆ ಮಾಡುತ್ತದೆ. ಥ್ಯಾಲೋ ಬ್ಲೂ ಎಂಬ ಕಡುನೀಲಿ ಕೂಡ ಬೇಡ. ಅದು ಹಾಳೆಗೆ ಕಚ್ಚಿಕೊಳ್ಳುತ್ತದೆ, ಒರೆಸಿದರೆ ಏಳುವುದಿಲ್ಲ.

ರೇಖೆಯಲ್ಲಿ ಎರಡು ಅಳತೆ ತಪ್ಪಬಾರದು. ಎದೆಯ ತಳ ಮುಂಗಾಲಿನ ಮೊಣಕೈ ಮಟ್ಟಕ್ಕೆ ಇಳಿದು, ಅಲ್ಲಿಂದ ಹೊಟ್ಟೆ ಬಿಲ್ಲಿನಂತೆ ಮೇಲೇರಬೇಕು. ತಲೆಯನ್ನು ಪಕ್ಕದಿಂದ ನೋಡಿದರೆ ಮೂಗಿನ ತುದಿಗೂ ತಲೆಬುರುಡೆಯ ಹಿಂಭಾಗಕ್ಕೂ ಹೆಚ್ಚುಕಡಿಮೆ ನಡುವೆ ಕಣ್ಣು ಬರುತ್ತದೆ. ಮೂತಿ ಗಿಡ್ಡವಾದರೆ ಬೀದಿನಾಯಿಯಾಯಿತು ಅಂತಲೇ ತಿಳಿಯಿರಿ.

ಈಗ ಮುಖ್ಯ ವಿಷಯ. ಕಂದು ಮೈಯ ನಾಯಿಗೆ ಓಕರ್‌ನಲ್ಲಿ ಚೂರು ಸಿಯೆನ್ನಾ ಸೇರಿಸಿ, ನೀರುಮಜ್ಜಿಗೆಯಷ್ಟು ತೆಳ್ಳಗೆ ಕಲಸಿ. ಒಣಗಿದ ಮೇಲೆ ತಿಳಿಯಾಗುವುದರಿಂದ ಬೇಕೆನಿಸಿದ್ದಕ್ಕಿಂತ ಒಂದು ಪಾಲು ಗಾಢವಿರಲಿ. ಬೆನ್ನಿನ ಮೇಲಂಚು, ಭುಜ, ತೊಡೆಯ ಉಬ್ಬುಗಳಲ್ಲಿ, ಕಣ್ಣಿನ ಹೊಳಪಿನ ಚುಕ್ಕಿಯಲ್ಲಿ ಬಿಳಿ ಹಾಳೆ ಬಿಟ್ಟು ಇಡೀ ಮೈಗೆ ಒಂದೇ ಓಟದಲ್ಲಿ ಹಚ್ಚಿ. ನಂತರ ಬ್ರಶ್ ಕೆಳಗಿಟ್ಟು, ತಲೆ ಬಾಗಿಸಿ ಹಾಳೆಯನ್ನು ಓರೆಯಾಗಿ ನೋಡಿ. ಕನ್ನಡಿಯಂತೆ ಹೊಳೆಯುತ್ತಿದ್ದರೆ ಕಾಯಿರಿ. ಈಗ ಇಟ್ಟ ನೆರಳು ಎಲ್ಲೆಲ್ಲೋ ಹರಿಯುತ್ತದೆ. ಹೊಳಪು ಮಂಕಾಗುವ ಹೊತ್ತೇ ಸರಿಯಾದ ಹೊತ್ತು. ಆಗ ಸಿಯೆನ್ನಾ, ಅಲ್ಟ್ರಾಮರೀನ್ ಮಿಶ್ರಣವನ್ನು ಹಾಲಿನಷ್ಟು ಗಟ್ಟಿಯಾಗಿ ತೆಗೆದುಕೊಂಡು, ಬ್ರಶ್ಶನ್ನು ಬಟ್ಟೆಗೆ ಒಮ್ಮೆ ಒತ್ತಿ, ಪಕ್ಕೆ, ಹೊಟ್ಟೆಯ ಅಡಿ, ಕತ್ತಿನ ಕೆಳಗೆ ಇಡಿ. ಅಂಚು ತಾನೇ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಈ ಅವಕಾಶ ಒಂದೆರಡು ನಿಮಿಷವಷ್ಟೇ. ಕರಾವಳಿಯ ಮಳೆಗಾಲದಲ್ಲಿ ತುಂಬ ಹೊತ್ತು ಕಾಯಬೇಕಾಗುತ್ತದೆ. ಗಡಿಯಾರ ನಂಬಬೇಡಿ, ಹೊಳಪನ್ನು ನಂಬಿ.

ಹೂಕೋಸಿನಂಥ ಕಲೆ ಎದ್ದರೆ ಕಾರಣ ಒಂದೇ: ಹಾಳೆಗಿಂತ ಬ್ರಶ್ಶಿನಲ್ಲಿ ನೀರು ಹೆಚ್ಚಿತ್ತು. ಆ ನೀರು ಅರ್ಧ ಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳಿ ಅಂಚುಗಟ್ಟುತ್ತದೆ. ಕೂಡಲೇ ಕೆದಕಿದರೆ ಕೆಸರಾಗುತ್ತದೆ. ಪೂರ್ತಿ ಒಣಗಲು ಬಿಟ್ಟು, ಒದ್ದೆ ಬ್ರಶ್ಶಿನಿಂದ ಅಂಚನ್ನಷ್ಟೇ ಸಡಿಲಿಸಿ ಟಿಶ್ಯೂ ಒತ್ತಿ.

ಎರಡನೇ ಪದರಕ್ಕೆ ಮುಂಚೆ ಅಂಗೈಯ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಪಕ್ಕೆಲುಬು ತೋರಿಸಲು ಮೂರ್ನಾಲ್ಕು ಗೀಟು ಸಾಕು. ಪ್ರತಿ ಗೀಟಿನ ಒಂದು ಅಂಚು ಗಟ್ಟಿಯಾಗಿರಲಿ, ಇನ್ನೊಂದನ್ನು ತೇವದ ಬ್ರಶ್ಶಿನಿಂದ ಕರಗಿಸಿ. ಎರಡೂ ಅಂಚು ಗಟ್ಟಿಯಾದರೆ ಮೈಮೇಲೆ ಪಟ್ಟೆ ಬಳಿದ ಹಾಗಿರುತ್ತದೆ. ಕೂದಲಿನ ಸುಳಿವು ಬೇಕಿದ್ದರೆ ಕತ್ತಿನ ಹಿಂದೆ, ತೊಡೆಯ ಹಿಂಬದಿಯಲ್ಲಿ ಒಣಬ್ರಶ್ (ನೀರು ಹಿಂಡಿ, ತುಸುವೇ ಬಣ್ಣ ಹಿಡಿದ ಬ್ರಶ್) ನಾಲ್ಕು ಸಲ ಎಳೆಯಿರಿ, ತಲೆಯಿಂದ ಬಾಲದ ದಿಕ್ಕಿಗೆ.

ಹಾಲುಬಿಳಿ ನಾಯಿಗೆ ಕ್ರಮ ತಿರುಗುಮುರುಗು: ಮೊದಲು ಹಿನ್ನೆಲೆಯನ್ನು ಮಧ್ಯಮ ಗಾಢದಲ್ಲಿ ಹಾಕಿ ಮೈಯನ್ನು ಬಿಳಿ ಬಿಡಿ, ನೆರಳಿಗೆ ಚೂರು ಸಿಯೆನ್ನಾ ಬೆರೆತ ತೆಳು ನೀಲಿ.

ಕಣ್ಣು ಕೊನೆಗೆ, ಮೊಸರಿನಷ್ಟು ಗಟ್ಟಿ ಬಣ್ಣದಲ್ಲಿ. ಮೇಲುಭಾಗದಲ್ಲಿ ಒಂದು ಚುಕ್ಕಿ ಬಿಳಿ ಹಾಳೆ ಉಳಿದಿರಬೇಕು. ಅದರ ಎದುರು ಬದಿಯ ಕೆಳಗೆ ಕಂದು ತುಸು ತಿಳಿಯಾಗಿರಲಿ, ಬೆಳಕು ಒಳಹೊಕ್ಕಿ ಅಲ್ಲಿ ಹೊಮ್ಮುತ್ತದೆ. ಮೂಗನ್ನೂ ಒಂದೇ ಕಪ್ಪಿನಲ್ಲಿ ತುಂಬಬೇಡಿ: ಒದ್ದೆ ಮೂಗಿನ ಮೇಲ್ಮೈ ಆಕಾಶವನ್ನು ಹಿಡಿದು ನೀಲಿ ಬೂದಿಯಾಗಿರುತ್ತದೆ, ಅಪ್ಪಟ ಕತ್ತಲೆ ಹೊಳ್ಳೆಗಳಲ್ಲಿ ಮಾತ್ರ.