ಜೌಗುಭೂಮಿ: ನೀರು ನಿಲ್ಲುವ ನೆಲದ ಹುಟ್ಟು ಮತ್ತು ಬಗೆಗಳು

ವರ್ಷವಿಡೀ ಅಥವಾ ವರ್ಷದ ಕೆಲವು ತಿಂಗಳು ನೀರಿನಲ್ಲಿ ನೆನೆದು ನಿಂತು, ಆ ಕಾರಣದಿಂದಲೇ ಮಣ್ಣಿನ ಗುಣವೂ ಅಲ್ಲಿ ಬೆಳೆಯುವ ಗಿಡಗಳೂ ಬೇರೆಯಾಗಿರುವ ನೆಲವನ್ನು ಜೌಗುಭೂಮಿ ಎನ್ನುತ್ತಾರೆ. ಒಂದು ಮಳೆಗೆ ತುಂಬಿ ನಾಲ್ಕು ದಿನದಲ್ಲಿ ಇಂಗಿಹೋಗುವ ತಗ್ಗು ಈ ಹೆಸರಿಗೆ ಸಲ್ಲುವುದಿಲ್ಲ. ಮಣ್ಣಿನ ಕಣಗಳ ನಡುವಿನ ಜಾಗವನ್ನೆಲ್ಲ ನೀರು ತುಂಬಿಕೊಂಡಾಗ ಗಾಳಿ ಒಳಗೆ ಸುಳಿಯುವುದಿಲ್ಲ. ಉಳಿದಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ. ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣ ಆಮ್ಲಜನಕವನ್ನು ಕಳೆದುಕೊಂಡು ನೀರಿನಲ್ಲಿ ಕರಗುತ್ತದೆ. ಜೌಗಿನಲ್ಲಿ ಒಂದು ಗುದ್ದಲಿಯಷ್ಟು ಮಣ್ಣು ತೆಗೆದರೆ ಅದು ಬೂದು ಬಣ್ಣಕ್ಕಿದ್ದು, ಬೇರುಗಳು ಗಾಳಿಯನ್ನು ಕೆಳಗೆ ಇಳಿಸಿದ ಜಾಗದಲ್ಲಿ ಮಾತ್ರ ಬೇರಿನ ಸುತ್ತ ತುಕ್ಕಿನ ಗೆರೆಗಳು ಕಾಣುತ್ತವೆ. ಬಿರುಬೇಸಿಗೆಯಲ್ಲಿ ಮೇಲೆ ಒಂದು ಹನಿ ನೀರಿಲ್ಲದಿದ್ದರೂ ಈ ಗುರುತಿನಿಂದ ಆ ನೆಲ ಜೌಗೆಂದು ತಿಳಿಯಬಹುದು.

1971ರ ಫೆಬ್ರುವರಿ 2ರಂದು ಇರಾನಿನ ರಾಮ್‌ಸರ್‌ ಪಟ್ಟಣದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು ಈ ಅರ್ಥವನ್ನು ಬಹಳ ಹಿಗ್ಗಿಸಿತು. ಸಹಜವಾದದ್ದಿರಲಿ, ಮನುಷ್ಯ ಕಟ್ಟಿದ್ದಿರಲಿ, ನಿಂತ ನೀರಿರಲಿ, ಹರಿಯುವ ನೀರಿರಲಿ, ಸಿಹಿಯಿರಲಿ, ಉಪ್ಪಿರಲಿ, ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಇಳಿತದ ವೇಳೆ 6 ಮೀಟರ್‌ ಮೀರದ ಆಳದ ಕಡಲ ಭಾಗವೂ ಸೇರುತ್ತದೆ. ಸಂರಕ್ಷಣೆಯ ದೃಷ್ಟಿಯಿಂದ ಇಷ್ಟು ವಿಶಾಲವಾದ ಅರ್ಥ ಬೇಕೇ ಬೇಕು. ಆದರೆ ಭೂವಿಜ್ಞಾನದ ದೃಷ್ಟಿಯಿಂದ ನೋಡುವಾಗ, ನಡುವಿನ ಆಳದಲ್ಲಿ ತಳಕ್ಕೆ ಬೆಳಕು ಮುಟ್ಟದೆ ಬೇರೂರುವ ಗಿಡ ಬದುಕಲಾರದ ಸರೋವರವನ್ನೂ, ಉದ್ದಗಲಕ್ಕೂ ಗಿಡ ಹಬ್ಬಬಲ್ಲ ತೆಳುನೀರಿನ ಜೌಗನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಸರೋವರಕ್ಕೆ ಮೊದಲು ಬೇಕಾದದ್ದು ತಗ್ಗು. ಆ ತಗ್ಗು ಹೇಗೆ ಬಂತು ಎಂಬುದೇ ಸರೋವರದ ಆಳವನ್ನೂ ಆಯುಸ್ಸನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಸೈಬೀರಿಯದ ಬೈಕಲ್‌ ಇರುವುದು ಭೂಮಿಯ ಹೊರಪದರ ಸೀಳಿಕೊಂಡು ಅಗಲವಾಗುತ್ತಿರುವ ಜಾಗದಲ್ಲಿ. ಹೂಳು ಎಷ್ಟೇ ಬಿದ್ದರೂ ತಳವೇ ಕುಸಿಯುತ್ತ ಹೋಗುವುದರಿಂದ, ಸುಮಾರು 2.5 ಕೋಟಿ ವರ್ಷಗಳ ನಂತರವೂ ಅದು 1,600 ಮೀಟರಿಗಿಂತ ಹೆಚ್ಚು ಆಳವಾಗಿದೆ. ಹಿಮಾಲಯದ ಹಿಮನದಿಗಳು ಕರಗಿ ಹಿಂದೆ ಸರಿದಾಗ, ಅವು ತಂದು ಸುರಿದ ಕಲ್ಲುಮಣ್ಣಿನ ದಿಬ್ಬದ ಹಿಂದೆ ನಿಲ್ಲುವ ಸರೋವರಗಳ ಕಥೆ ಇದಕ್ಕೆ ತೀರ ವಿರುದ್ಧ. ಆ ದಿಬ್ಬ ಬಿಗಿಯಾಗಿ ಕೂತ ಕಟ್ಟೆಯಲ್ಲ. 2023ರ ಅಕ್ಟೋಬರಿನಲ್ಲಿ ಸಿಕ್ಕಿಮ್ಮಿನ ದಕ್ಷಿಣ ಲ್ಹೋನಾಕ್‌ ಸರೋವರ ಒಡೆದು, ತೀಸ್ತಾ ಕಣಿವೆಯ ಚುಂಗ್‌ಥಾಂಗ್‌ನಲ್ಲಿದ್ದ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಮಹಾರಾಷ್ಟ್ರದ ಲೋಣಾರ್‌ ಸರೋವರಕ್ಕೆ ಆಕಾಶದಿಂದ ಬಿದ್ದ ಉಲ್ಕೆಯೇ ಕಾರಣ. ನೀರು ಹೊರಗೆ ಹರಿಯಲು ದಾರಿಯಿಲ್ಲದೆ ಬರಿ ಆವಿಯಾಗುವುದರಿಂದ ಅಲ್ಲಿನ ನೀರು ಉಪ್ಪುಪ್ಪಾಗಿ ಕ್ಷಾರಮಯವಾಗಿದೆ.

ಬಯಲಿನಲ್ಲಿ ನಿಧಾನವಾಗಿ ಹರಿಯುವ ನದಿಯ ಕೆಲಸ ಇನ್ನೊಂದು ಬಗೆಯದು. ತಿರುವಿನ ಹೊರದಂಡೆಯಲ್ಲಿ ನೀರಿಗೆ ಸೆಳೆತ ಹೆಚ್ಚು, ಅಲ್ಲಿ ದಂಡೆ ಕೊರೆಯುತ್ತದೆ; ಒಳದಂಡೆಯಲ್ಲಿ ಸೆಳೆತ ಕಡಿಮೆ, ಅಲ್ಲಿ ಮರಳು ಕೂರುತ್ತದೆ. ಹೀಗೆ ತಿರುವು ದೊಡ್ಡದಾಗುತ್ತ ಹೋಗಿ ಅದರ ಎರಡು ತುದಿಗಳ ನಡುವೆ ಕಿರಿದಾದ ನೆಲವಷ್ಟೇ ಉಳಿದಿರುವಾಗ, ಒಂದು ಮಹಾಪೂರದಲ್ಲಿ ನದಿ ಆ ನೆಲವನ್ನು ಸೀಳಿಕೊಂಡು ನೇರ ದಾರಿ ಹಿಡಿಯುತ್ತದೆ. ಹಳೆಯ ತಿರುವಿನ ಬಾಯಿಗಳಿಗೆ ಮರಳು ತುಂಬಿ, ಅದು ನದಿಯಿಂದ ಬೇರೆಯಾದ ಬಾಗಿದ ಸರೋವರವಾಗುತ್ತದೆ. ಬಿಹಾರದ ಬೇಗುಸರಾಯ್‌ ಜಿಲ್ಲೆಯ ಕಾಬರ್‌ತಾಲ್‌ ಬೂಢೀ ಗಂಡಕ್‌ ನದಿ ಹೀಗೆ ಬಿಟ್ಟುಹೋದ ತಿರುವು. ಇಂಥವು ಹುಟ್ಟಿನಿಂದಲೇ ತೆಳು. ಹೂಳು ತುಂಬಿ ಬೇಗ ಜೌಗಾಗುತ್ತವೆ. ಒಡಿಶಾದ ಚಿಲಿಕಾದಲ್ಲಿ ತಡೆ ಹಾಕಿದ್ದು ಕಡಲು: ಅಲೆಗಳು ದಂಡೆಯುದ್ದಕ್ಕೂ ಸಾಗಿಸಿದ ಮರಳು ಪಟ್ಟಿಯಾಗಿ ಬೆಳೆದು ಕೊಲ್ಲಿಯೊಂದನ್ನು ಹಿನ್ನೀರಾಗಿಸಿತು. ಅಳಿವೆಬಾಯಿ ಮುಚ್ಚುತ್ತ ಬಂದು ಉಪ್ಪಿನಂಶವೂ ಮೀನೂ ಕಡಿಮೆಯಾದಾಗ, 2000ನೇ ಇಸವಿಯಲ್ಲಿ ಹೊಸ ಬಾಯಿ ತೆರೆಯಬೇಕಾಯಿತು.

ಕರ್ನಾಟಕದ ಬಯಲುಸೀಮೆಯಲ್ಲಿ ಇವ್ಯಾವ ಕಾರಣಗಳೂ ಹೆಚ್ಚಾಗಿ ಕೆಲಸ ಮಾಡಿಲ್ಲ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಯ ಮೇಲಿನ ಈ ನೆಲ ಸವೆದು ಸವೆದು, ನೀರು ತಾನಾಗಿ ನಿಲ್ಲುವ ತಗ್ಗುಗಳು ತೀರ ಕಡಿಮೆಯಾಗಿವೆ. ಆದ್ದರಿಂದಲೇ ಇಲ್ಲಿನ ಜನ ಹಳ್ಳಗಳಿಗೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಒಂದರ ಕೋಡಿ ಹರಿದು ಮುಂದಿನದಕ್ಕೆ ತುಂಬುವಂತೆ ಕೆರೆಗಳ ಸರಣಿಯನ್ನೇ ಕಟ್ಟಿದರು. ಏರಿಯ ಬಳಿ ಕೆರೆ ಆಳ. ನೀರು ಬರುವ ಹಿಂಭಾಗದಲ್ಲಿ ಮಾತ್ರ ಅದು ಮೊಣಕಾಲುದ್ದಕ್ಕಿಂತ ತೆಳು. ಜೊಂಡು ಬೆಳೆಯುವುದು, ಕೊಕ್ಕರೆ ಮೇಯುವುದು, ಮೀನು ಮೊಟ್ಟೆಯಿಡುವುದು ಬಹುಪಾಲು ಈ ಹಿಂಭಾಗದಲ್ಲಿ. ಕೆರೆಯ ಜೌಗು ಎಂದರೆ ಇದೇ. ಅಭಿವೃದ್ಧಿಯ ಹೆಸರಿನಲ್ಲಿ ಈ ಅಂಚನ್ನು ಕಡಿದು ಕೆರೆಯನ್ನು ಬೋಗುಣಿಯಂತೆ ಮಾಡಿ ಸುತ್ತ ಕಲ್ಲು ಕಟ್ಟಿದಾಗ ನೀರು ಉಳಿಯುತ್ತದೆ, ಜೌಗು ಸಾಯುತ್ತದೆ. ಇದನ್ನು ಜೀರ್ಣೋದ್ಧಾರ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮಲೆನಾಡಿನಲ್ಲಿ ಸ್ಥಿತಿ ಬೇರೆ. ಗುಡ್ಡದೊಳಗೆ ಇಂಗಿದ ಮಳೆನೀರು ಕಣಿವೆಯ ತಳದಲ್ಲಿ ವರ್ಷವಿಡೀ ಒಸರುತ್ತ ಕಾಡಿನೊಳಗೇ ಜೌಗನ್ನು ಉಂಟುಮಾಡುತ್ತದೆ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿರುವ ರಾಮಪತ್ರೆ ಜಾತಿಯ ಮರಗಳ ಜೌಗು ಇಂಥದ್ದು. ಗಾಳಿಯಿಲ್ಲದ ಕೆಸರಿನಿಂದ ಬೇರುಗಳು ಮೇಲೆದ್ದು, ಮಡಚಿದ ಮೊಣಕಾಲಿನ ಆಕಾರದಲ್ಲಿ ಬಾಗಿ, ಮತ್ತೆ ಕೆಸರಿಗಿಳಿಯುತ್ತವೆ. ಮೇಲೆದ್ದ ಭಾಗದಿಂದಲೇ ಮರ ಗಾಳಿ ಪಡೆಯುತ್ತದೆ. ಅದೇ ಜಿಲ್ಲೆಯ ಅಘನಾಶಿನಿ ಅಳಿವೆಯಲ್ಲಿ ಭರತ ಇಳಿತಗಳ ಉಪ್ಪುನೀರಿನ ನಡುವೆ ಗಜನಿ ಗದ್ದೆಗಳಿದ್ದು, ಉಪ್ಪು ತಡೆಯಬಲ್ಲ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ.

ಹುಟ್ಟಿನ ಪ್ರಶ್ನೆ ಕಾನೂನಿನಲ್ಲೂ ಮುಖ್ಯವಾಗುತ್ತದೆ. ಕೇಂದ್ರದ 2017ರ ಜೌಗುಭೂಮಿ ನಿಯಮಗಳು ವ್ಯಾಖ್ಯೆಯ ಬಹುಭಾಗವನ್ನು ರಾಮ್‌ಸರ್‌ ಒಪ್ಪಂದದಿಂದಲೇ ತೆಗೆದುಕೊಂಡರೂ ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ ಹಾಗೂ ನೀರಾವರಿಗೆ ಮನುಷ್ಯ ಕಟ್ಟಿದ ಜಲಾಶಯ ಇವನ್ನು ಹೊರಗಿಟ್ಟಿವೆ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಜನ ಕಟ್ಟಿದ ಕೆರೆಗಳೇ. 2024ರಲ್ಲಿ ರಾಮ್‌ಸರ್‌ ಪಟ್ಟಿಗೆ ಸೇರಿದ್ದರಿಂದ ಅವಕ್ಕೆ ಈ ನಿಯಮಗಳು ಅನ್ವಯಿಸುತ್ತವೆ. ಅದೇ ಬಗೆಯ ಏರಿ, ಅದೇ ಬಗೆಯ ತೆಳುನೀರು, ಅದೇ ಹಕ್ಕಿಗಳಿರುವ ನೆರೆಯ ನೀರಾವರಿ ಕೆರೆ ಈ ನಿಯಮಗಳ ವ್ಯಾಖ್ಯೆಯ ಪ್ರಕಾರ ಜೌಗುಭೂಮಿಯೇ ಅಲ್ಲ.