ವೋಲ್ಟೇಜ್ ಕಡಿಮೆ ಇದ್ದರೆ ಗೀಸರ್ ಕಾಯಿಲ್ ಸುಟ್ಟುಹೋಗುತ್ತದಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಹತ್ತಿರ ತೋಟದ ಮನೆ. 15 ಲೀಟರ್ ಗೀಸರ್ ಇದೆ. ಬೇಸಿಗೆಯಲ್ಲಿ ಇಪ್ಪತ್ತು ನಿಮಿಷದೊಳಗೆ ನೀರು ಕಾಯುತ್ತಿತ್ತು. ಮಳೆ ಹಿಡಿದ ಮೇಲೆ ಮುಕ್ಕಾಲು ಗಂಟೆ ಬೇಕು. ಲೋ ವೋಲ್ಟೇಜ್‌ನಲ್ಲಿ ಹಾಕಿ ಹಾಕಿ ಕಾಯಿಲ್ ಸುಟ್ಟಿದೆ, ಹೊಸ ಕಾಯಿಲ್ ಜೊತೆಗೆ ಸ್ಟೆಬಿಲೈಜರ್ ಕೂಡ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ಬೇಡ. ಎರಡೂ ಬೇಡ.

ಗೀಸರ್ ರಿಪೇರಿಗೆ ಕೈ ಹಾಕಿದ ದಿನದಿಂದ ಈ ಪ್ರಶ್ನೆಗೆ ಉತ್ತರ ಹೇಳುತ್ತಲೇ ಇದ್ದೇನೆ. ಜೂನ್ ಬಂತು ಅಂದರೆ ವಾರಕ್ಕೆ ನಾಲ್ಕು ಸಲ. ಫೋನಿನಲ್ಲಿ ಬಿಡಿಸಿ ಹೇಳುತ್ತೇನೆ, ಹೂಂ ಅನ್ನುತ್ತಾರೆ, ಮುಂದಿನ ಮಳೆಗಾಲಕ್ಕೆ ಅದೇ ಮನೆಯಿಂದ ಅದೇ ಪ್ರಶ್ನೆ. ಅದಕ್ಕೇ ಈ ಸಲ ಲೆಕ್ಕ ಸಮೇತ ಬರೆಯುತ್ತಿದ್ದೇನೆ.

ತಡವಾಗಿಯಾದರೂ ನಿಮ್ಮ ನೀರು ಕಾಯುತ್ತಿದೆ ಅಲ್ವಾ? ಹಾಗಾದರೆ ಕಾಯಿಲ್ ಸುಟ್ಟಿಲ್ಲ. ಮನೆ ಗೀಸರ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕಾಯಿಲ್. ಅದರೊಳಗಿನ ತಂತಿ ತುಂಡಾದರೆ ರಾತ್ರಿಯಿಡೀ ಬಿಟ್ಟರೂ ನೀರು ತಣ್ಣಗೇ ಇರುತ್ತದೆ. ಅರ್ಧ ಸುಟ್ಟ ಕಾಯಿಲ್ ಅನ್ನುವುದು ಇಲ್ಲ.

ಲೋ ವೋಲ್ಟೇಜ್ ಅಂದರೆ ನಮ್ಮ ಕಡೆಯವರಿಗೆ ಭಯ. ಆ ಭಯ ಸುಮ್ನೆ ಬಂದಿದ್ದಲ್ಲ. ಬಾವಿ ಮೋಟರ್ ಸುಟ್ಟ ವಾಸನೆ ಯಾರ ಮೂಗಿಗೆ ಬಡಿದಿಲ್ಲ ಹೇಳಿ? ಫ್ರಿಜ್ಜಿನ ಕಂಪ್ರೆಸರ್ ಹೋದ ಮನೆಗಳೂ ಬೇಕಾದಷ್ಟಿವೆ. ಅದೆಲ್ಲ ನಿಜ. ಮೋಟರ್‌ಗೆ ಆಳದಿಂದ ನೀರು ಎತ್ತುವ ಕೆಲಸ ಇದೆ. ವೋಲ್ಟೇಜ್ ಇಳಿದರೂ ಎತ್ತುವ ಭಾರ ಇಳಿಯುವುದಿಲ್ಲ. ಆಗ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಕಾದು ಸುಡುತ್ತದೆ. ಕಾಯಿಲ್‌ಗೆ ಎತ್ತುವ ಭಾರ ಯಾವುದೂ ಇಲ್ಲ. ಅದು ಬರೀ ತಂತಿ. ಕಡಿಮೆ ಕೊಟ್ಟರೆ ಕಡಿಮೆ ಕಾಯುತ್ತದೆ, ಅಷ್ಟೇ.

ನಂಬಿಕೆ ಬರುತ್ತಿಲ್ಲವೇ? ಹಳೇ ಗುಂಡು ಬಲ್ಬ್ ನೆನಪು ಮಾಡಿಕೊಳ್ಳಿ. ಸಂಜೆ ಏಳಕ್ಕೆ ವೋಲ್ಟೇಜ್ ಇಳಿದಾಗ ಒಳಗಿನ ತಂತಿ ಕೆಂಪು ದಾರದ ಹಾಗೆ ಮಿಣಿಮಿಣಿ ಅನ್ನುತ್ತಿತ್ತು. ಮಕ್ಕಳು ಓದಲು ಆಗದೆ ಪುಸ್ತಕ ಮುಚ್ಚುತ್ತಿದ್ದರು. ಹಾಗೆ ಮಿಣುಕುವಾಗ ಬಲ್ಬ್ ಫ್ಯೂಸ್ ಆಗಿದ್ದು ಯಾವತ್ತಾದರೂ ನೋಡಿದ್ದೀರಾ? ಅದು ಹೋಗುತ್ತಿದ್ದುದು ಕರೆಂಟ್ ತಟ್ಟನೆ ಜೋರಾಗಿ ಬಂದಾಗ. ಗೀಸರ್ ಕಾಯಿಲ್ ಕೂಡ ಅದೇ ಜಾತಿಯದು.

ಈಗ ಲೆಕ್ಕ. ನಿಮ್ಮ ಗೀಸರ್ 2000 ವ್ಯಾಟಿನದು ಅಂತ ಇಟ್ಟುಕೊಳ್ಳಿ. 230 ವೋಲ್ಟ್‌ನಲ್ಲಿ 2000 ವ್ಯಾಟ್ ಕಾಯಿಲ್ ಸುಮಾರು 8.7 ಆಂಪ್ಸ್ ಎಳೆಯುತ್ತದೆ. 160 ವೋಲ್ಟ್‌ಗೆ ಇಳಿದರೆ 6 ಆಂಪ್ಸ್. ಹೆಚ್ಚಾಗಲಿಲ್ಲ, ಕಡಿಮೆಯಾಯಿತು. ಶಾಖ ಇನ್ನೂ ಜಾಸ್ತಿ ಇಳಿಯುತ್ತದೆ, ಯಾಕೆಂದರೆ ಅದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. 160 ವೋಲ್ಟ್‌ನಲ್ಲಿ ನಿಮ್ಮ 2000 ವ್ಯಾಟ್ ಗೀಸರ್ ಬರೀ 970 ವ್ಯಾಟ್ ಗೀಸರ್. ಅರ್ಧಕ್ಕಿಂತ ಕಡಿಮೆ.

ಅದರ ಮೇಲೆ ನಮ್ಮ ಮಳೆಗಾಲದ ನೀರು. ಬೇಸಿಗೆಯಲ್ಲಿ ಟ್ಯಾಂಕ್ ನೀರು 26 ಡಿಗ್ರಿ ಅಂತ ಇಟ್ಟುಕೊಳ್ಳಿ. 15 ಲೀಟರ್ 60 ಡಿಗ್ರಿಗೆ ಬರಲು ಪೂರ್ತಿ ವೋಲ್ಟೇಜ್‌ನಲ್ಲಿ 18 ನಿಮಿಷ ಸಾಕು. ಜುಲೈಯಲ್ಲಿ ಅದೇ ನೀರು 18 ಡಿಗ್ರಿ ಇದ್ದರೆ 22 ನಿಮಿಷ. ವೋಲ್ಟೇಜ್ 160ಕ್ಕೆ ಬಿದ್ದರೆ 45 ನಿಮಿಷ. ನೀವು ಬರೆದಿದ್ದೂ ಅದೇ ಮುಕ್ಕಾಲು ಗಂಟೆ. ನಿಮ್ಮ ಗೀಸರ್ ಚೆನ್ನಾಗಿದೆ.

ಬಿಲ್ ಡಬಲ್ ಬರುತ್ತದೆ ಅನ್ನುವ ಹೆದರಿಕೆಯೂ ಬೇಡ. ಬೇಗ ಕಾಯಲಿ, ನಿಧಾನ ಕಾಯಲಿ, ಆ 15 ಲೀಟರ್‌ಗೆ ಬೇಕಾದ ಶಾಖ ಒಂದೇ. ಎರಡಕ್ಕೂ ಮುಕ್ಕಾಲು ಯೂನಿಟ್ ಹತ್ತಿರ ಆಗುತ್ತದೆ. ನಿಧಾನ ಕಾದಾಗ ಹೊರಗೆ ಸೋರುವ ಶಾಖ ಚೂರು ಜಾಸ್ತಿ, ಬಿಲ್ಲಿನಲ್ಲಿ ಗೊತ್ತೂ ಆಗುವುದಿಲ್ಲ.

ಸ್ಟೆಬಿಲೈಜರ್ ಯಾಕೆ ಬೇಡ? 160 ವೋಲ್ಟ್ ಬರುವ ಲೈನಿನಿಂದ ಅದು ನಿಮ್ಮ ಗೀಸರ್‌ಗೆ ಪೂರ್ತಿ 2000 ವ್ಯಾಟ್ ಕೊಡಬೇಕಾದರೆ ಹನ್ನೆರಡೂವರೆ ಆಂಪ್ಸ್‌ಗಿಂತ ಜಾಸ್ತಿ ಎಳೆಯಬೇಕು. ತೋಟದ ನಡುವೆ ಉದ್ದಕ್ಕೆ ಬಂದ ಲೈನು ಮೊದಲೇ ಸೋತಿರುತ್ತದೆ. ನೀವು ಇನ್ನಷ್ಟು ಎಳೆದರೆ ಇನ್ನಷ್ಟು ಬೀಳುತ್ತದೆ, ಪಕ್ಕದ ಮನೆಯ ಫ್ರಿಜ್ಜಿಗೆ ಪೆಟ್ಟು. ಆ ದುಡ್ಡಿಗೆ ನಿಮ್ಮ ಫ್ರಿಜ್ಜಿಗೆ ಒಳ್ಳೆಯ ಸ್ಟೆಬಿಲೈಜರ್ ತನ್ನಿ. ಅಲ್ಲಿ ಅದು ನಿಜವಾಗಿ ಬೇಕು.

ನೀವು ಮಾಡಿಸಬೇಕಾದ್ದು ಒಂದೇ ಒಂದು ಪರೀಕ್ಷೆ. ಗೀಸರ್ ಓಡುತ್ತಿರುವಾಗಲೇ ಮೀಟರ್ ಬೋರ್ಡಿನಲ್ಲಿ ಒಮ್ಮೆ, ಗೀಸರ್ ಪಾಯಿಂಟಿನಲ್ಲಿ ಒಮ್ಮೆ ವೋಲ್ಟೇಜ್ ಅಳೆಸಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇದ್ದರೆ ಲೈನೇ ಹಾಗೆ. ಬೋರ್ಡಿನಲ್ಲಿ 210, ಪಾಯಿಂಟಿನಲ್ಲಿ 170 ಇದ್ದರೆ ತೊಂದರೆ ನಿಮ್ಮ ಮನೆ ವೈರಿಂಗ್‌ನದು. ವೈರ್ ತೆಳ್ಳಗಿದೆ, ಇಲ್ಲವೇ ಎಲ್ಲೋ ಸ್ಕ್ರೂ ಸಡಿಲ. ಇದು ಮಾತ್ರ ತಡ ಮಾಡುವ ವಿಷಯ ಅಲ್ಲ. ಪ್ಲಗ್ ಕಿತ್ತು ನೋಡಿ. ಪಿನ್ನಿನ ಬುಡ ಕಂದಾಗಿದೆಯಾ, ಸಾಕೆಟ್ಟಿನ ಪ್ಲಾಸ್ಟಿಕ್ ತೂತಿನ ಸುತ್ತ ಉಬ್ಬಿದೆಯಾ? ಹಾಗಿದ್ದರೆ ಇವತ್ತೇ ಬದಲಾಯಿಸಿ.

ಹಾಗಾದರೆ ಕಾಯಿಲ್ ಸುಡುವುದು ಯಾವುದರಿಂದ? ನನ್ನ ಮೇಜಿನ ಮೇಲೆ ಒಂದು ಹಳೇ ಕಾಯಿಲ್ ಇಟ್ಟುಕೊಂಡಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. ತಾಮ್ರದ ಕೊಳವೆ ಉದ್ದಕ್ಕೆ ಸೀಳಿದೆ, ಒಳಗಿಂದ ಬಿಳೀ ಪುಡಿ ಉದುರುತ್ತದೆ. ಅದು ಮೆಗ್ನೀಷಿಯಂ ಆಕ್ಸೈಡ್. ಒಳಗಿನ ತಂತಿ ಕೊಳವೆಗೆ ತಾಗದ ಹಾಗೆ ತುಂಬಿರುವ ಪುಡಿ. ನೀರಿಲ್ಲದೆ ಕಾದರೆ ಹೀಗೆ ಆಗುತ್ತದೆ. ನಮ್ಮಲ್ಲಿ ಮೂರು ದಿನ ಕರೆಂಟ್ ಇಲ್ಲ ಅಂದರೆ ಮೇಲಿನ ಟ್ಯಾಂಕ್ ಖಾಲಿ. ಗೀಸರ್‌ಗೆ ಹೋಗುವ ಪೈಪಿನ ಎನ್‌ಆರ್‌ವಿ, ಅಂದರೆ ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವ ವಾಲ್ವ್, ಕೆಟ್ಟಿದ್ದರೆ ಗೀಸರ್ ಒಳಗಿನ ನೀರೂ ಹಿಂದಕ್ಕೆ ಇಳಿದಿರುತ್ತದೆ. ಸ್ವಿಚ್ ಆಫ್ ಮಾಡಲು ಮರೆತಿರುತ್ತೀರಿ. ನಡುರಾತ್ರಿ ಕರೆಂಟ್ ಬರುತ್ತದೆ. ಇನ್ನೊಂದು ಕಾರಣ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ. ಸಿಲ್ವರ್ ಓಕ್ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ತುಂಡಾದರೆ ಒಂದು ಮನೆಗೆ 100 ವೋಲ್ಟ್, ಇನ್ನೊಂದು ಮನೆಗೆ 300 ಹೋಗಬಹುದು. 300 ವೋಲ್ಟ್‌ನಲ್ಲಿ ಅದೇ ಕಾಯಿಲ್ 3400 ವ್ಯಾಟ್. ಸುಡುವುದು ಅಲ್ಲಿ.

ಆದ್ದರಿಂದ ಕರೆಂಟ್ ಹೋದ ಕೂಡಲೇ ಗೀಸರ್ ಸ್ವಿಚ್ ಆಫ್ ಮಾಡಿ. ಬಂದ ಮೇಲೆ ಬಿಸಿನೀರಿನ ನಲ್ಲಿ ತಿರುಗಿಸಿ. ಪುಸ್ ಪುಸ್ ಅಂತ ಗಾಳಿ ಬರುವುದು ನಿಂತು ನೀರು ಒಂದೇ ಸಮ ಬಿದ್ದ ಮೇಲೆ ಆನ್ ಮಾಡಿ.

ಸೇಫ್ಟಿ ವಾಲ್ವ್ ಹನಿ ಹಾಕುತ್ತದೆ ಅಂತಲೂ ಜಾಸ್ತಿ ಜನ ಕೇಳುತ್ತಾರೆ. ಕಾದ ನೀರು ಹಿಗ್ಗುತ್ತದೆ. 15 ಲೀಟರ್ ಕಾಯುವಾಗ ಒಂದು ಲೋಟದಷ್ಟು ಹೊರಗೆ ಬರುವುದು ಸಹಜ. ಅದನ್ನು ಎಂಸೀಲ್ ಹಚ್ಚಿ ಮುಚ್ಚಬೇಡಿ. ಟ್ಯಾಂಕ್ ಒಡೆಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕಾದ್ದು ಇನ್ನೊಂದಿದೆ. ಕರೆಂಟಿನ ಕಾಟಕ್ಕೆ ಬೇಸತ್ತು ತುಂಬ ಜನ ಗ್ಯಾಸ್ ಗೀಸರ್ ಹಾಕಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಬಚ್ಚಲಿನ ಒಳಗೆ ಬೇಡ. ಹೊರಗಿನ ಗೋಡೆಗೆ ಹಾಕಿ, ಪೈಪಿನಲ್ಲಿ ಬಿಸಿನೀರು ಒಳಗೆ ತನ್ನಿ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಭಾರ ಆಗುತ್ತದೆ, ಹೊಟ್ಟೆ ತೊಳಸುತ್ತದೆ, ಕಾಲು ಸೋಲುತ್ತದೆ. ಚಿಲಕ ತೆಗೆಯಬೇಕು ಅಂತ ಅನ್ನಿಸಿದರೂ ಕೈ ಏಳುವುದಿಲ್ಲ.

ಹೋದ ಮಳೆಗಾಲ ಮಡಿಕೇರಿಯ ಒಂದು ಮನೆಗೆ ಹೋಗಿದ್ದೆ. ಗ್ಯಾಸ್ ಗೀಸರ್ ಉರಿ ಹಳದಿ ಬರುತ್ತಿದೆ ಅಂತ ಕರೆದಿದ್ದರು. ನೀಲಿ ಬರಬೇಕಾದ ಉರಿ ಹಳದಿ ಬಂದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಬಚ್ಚಲೊಳಗೆ ಹೋಗಿ ತಲೆ ಎತ್ತಿ ನೋಡಿದೆ. ವೆಂಟಿಲೇಟರ್‌ಗೆ ಗೊಬ್ಬರದ ಚೀಲ ಮಡಚಿ ತುರುಕಿದ್ದರು.

"ಇರಚಲು ಹೊಡೆಯುತ್ತಿತ್ತು ಅಣ್ಣ, ಮಗುವಿಗೆ ಚಳಿ ಆಗ್ತದೆ ಅಂತ ಮುಚ್ಚಿದೆ" ಅಂದರು ಆ ತಾಯಿ.

ಸ್ಟೂಲ್ ಹತ್ತಿ ಚೀಲ ಎಳೆದು ಹಾಕಿದೆ. ಇರಚಲು ತಡೆಯಲು ಹೊರಗಿನಿಂದ ಒಂದು ತುಂಡು ಶೀಟ್ ಓರೆಯಾಗಿ ಕಟ್ಟಿಕೊಟ್ಟೆ. ಎರಡು ದಿನ ಬಿಟ್ಟು ಬಂದು ಗೀಸರನ್ನೂ ಹೊರಗಿನ ಗೋಡೆಗೆ ಸಾಗಿಸಿದೆ. ನಿಮ್ಮ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಈಗಲೇ ಎದ್ದು ಹೋಗಿ ವೆಂಟಿಲೇಟರ್ ನೋಡಿ.